ಓದಿ ಹೇಳಲಾಗಿದೆ

ಬಹಳ ಹಿಂದೆ, ಕಸಬರಿಕೆಗೆ ಇನ್ನೂ ಹಿಡಿ ಬಂದಿರದ ಕಾಲದಲ್ಲಿ, ಜಪ್ತಿ ಅಂತ ಒಬ್ಬ ರಾಕ್ಷಸನಿದ್ದ. ಅವನ ಹೊಟ್ಟೆಗೆ ತಳ ಇರಲಿಲ್ಲ. ಮಂಚ ತಿನ್ನುತ್ತಿದ್ದ, ಪಾತ್ರೆ ತಿನ್ನುತ್ತಿದ್ದ, ಬಾಗಿಲು ತಿಂದು ಚಿಲಕ ಉಗಿಯುತ್ತಿದ್ದ. ಅವನಿಗೊಬ್ಬಳು ಅಕ್ಕ, ಹೆಸರು ವಾಯಿದೆ. ಅವಳಿಗೆ ಬರುತ್ತಿದ್ದುದು ಒಂದೇ ಮಾತು, "ನಾಳೆ ಬಾ." ಅವಳ ಬಾಗಿಲಿಗೆ ಹೋದವರು ತಲೆ ನರೆತ ಮೇಲೆ ವಾಪಸು ಬರುತ್ತಿದ್ದರು. ಅದೇ ಊರಲ್ಲಿ ಖುಲಾಸೆ ಅಂತ ಒಬ್ಬ ರಾಜಕುಮಾರ. ನೋಡಲು ಚೆಂದ. ಆದರೆ ಎಲ್ಲ ಮುಗಿದ ಮೇಲೇ ಕುದುರೆ ಹತ್ತುವವನು. ಇನ್ನೊಬ್ಬಳು ತಕರಾರು. ಕಡ್ಡಿಯಂಥ ಹುಡುಗಿ, ಮೊಂಡಿ, ಯಾರಿಗೂ ಬೇಡದವಳು.

"ಈ ಜಪ್ತಿಗೆ ಒಂದು ಶಾಪ ಇತ್ತು" ಅನ್ನುತ್ತಿದ್ದಳು ಅಜ್ಜಿ. "ನೀನು ಹೂಂ ಅನ್ನದೆ ಅವನು ನಿನ್ನ ಮನೆಯ ಒಂದು ಚಮಚಾನೂ ಮುಟ್ಟೋ ಹಾಗಿಲ್ಲ. ಅದಕ್ಕೇ ಎಲ್ಲರ ಹತ್ರ ಹೂಂ ಅನ್ನಿಸ್ಕೊಂಡು ತಿರುಗ್ತಾನೆ."

"ಹೂಂ" ಅನ್ನುತ್ತಿದ್ದೆ ನಾನು, ಕತೆ ಕೇಳುವ ಭರದಲ್ಲಿ.

"ನೋಡು, ಅಂದೇಬಿಟ್ಟೆ. ಹೋಯ್ತು ನಿನ್ನ ಚಮಚ."

ಅಜ್ಜಿ ಇಪ್ಪತ್ತಾರು ವರ್ಷ ಕೋರ್ಟಿನ ಕಾರಿಡಾರು ಗುಡಿಸಿದವಳು. ಒಳಗಿನ ಮಾತು ಅವಳಿಗೆ ತಿಳಿಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತ ಜವಾನ ಕೂಗುತ್ತಿದ್ದ. ಜನರ ಹೆಸರನ್ನೂ ಕೂಗುತ್ತಿದ್ದ, ಜಪ್ತಿ, ವಾಯಿದೆ ಅಂತಲೂ ಕೂಗುತ್ತಿದ್ದ, ಎರಡನ್ನೂ ಒಂದೇ ಗಂಟಲಲ್ಲಿ. ಅಜ್ಜಿ ಎಲ್ಲವನ್ನೂ ಮನುಷ್ಯರ ಹೆಸರು ಅಂದುಕೊಂಡಳು. ಕಸದ ಜೊತೆ ಅವುಗಳನ್ನೂ ಬಳಿದು ಮನೆಗೆ ತಂದಳು. ನನ್ನ ಬಾಲ್ಯದ ರಾಜರು, ರಾಕ್ಷಸರು, ಮಲತಾಯಂದಿರು ಎಲ್ಲ ಕೋರ್ಟಿನವರೇ. ಹತ್ತನೇ ತರಗತಿಯಲ್ಲಿ ಪುಸ್ತಕದಲ್ಲಿ ತಕರಾರು ಎಂಬ ಪದ ಕಂಡಾಗ ಗೆಳತಿ ಸಿಕ್ಕ ಹಾಗೆ ನಕ್ಕುಬಿಟ್ಟಿದ್ದೆ. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರು.

ಅಜ್ಜಿ ಕೆಲಸ ಬಿಟ್ಟದ್ದು ಹೀಗೆ. ಒಂದು ಮಧ್ಯಾಹ್ನ ಕರೆದರು. ಹೊಸ ಸೀರೆ ಕೊಡುತ್ತೇವೆ, ಇಲ್ಲಿ ಹೆಬ್ಬೆಟ್ಟು ಒತ್ತು ಅಂದರು. ಒತ್ತಿದಳು. ಮರುದಿನ ಗೇಟಿನವನು ಒಳಗೆ ಬಿಡಲಿಲ್ಲ. "ನೀನೇ ಸ್ವಂತ ಇಷ್ಟದಿಂದ ಬಿಟ್ಟಿದ್ದೀಯಲ್ಲ ಅಜ್ಜಿ, ಕಾಗದ ಇದೆ" ಅಂದ. ಅವಳು ಕಸಬರಿಕೆ ಹಿಡಿದು ಗೇಟಿನ ಹೊರಗೆ ನಿಂತಿದ್ದಳಂತೆ. ಬಿಸಿಲು ಏರುವವರೆಗೂ. ಸೀರೆಯೂ ಕೊಡಲಿಲ್ಲ.

ಅವಳ ಜಾಗಕ್ಕೆ ಅಮ್ಮ ಹೋದಳು. ಈ ಸಲ ಗುತ್ತಿಗೆ. ಗುತ್ತಿಗೆದಾರನನ್ನು ನಾವು ನೋಡಿಲ್ಲ. ಅವನ ಮೇಸ್ತ್ರಿಯನ್ನು ನೋಡಿದ್ದೇವೆ. ಬೈಕಿನಲ್ಲಿ ಬಂದು, ಬೈಕಿನ ಮೇಲೇ ಕೂತು ಬೈದು ಹೋಗುತ್ತಾನೆ.

ಅಮ್ಮನ ಕೆಲಸ ಬೆಳಿಗ್ಗೆ ಆರಕ್ಕೆ. ಎರಡು ಬಕೆಟ್ಟು, ಫಿನಾಯಿಲು, ಮೊಣಕಾಲಿಗೆ ಕಟ್ಟಿಕೊಳ್ಳುವ ಗೋಣಿಯ ತುಂಡು. ಮೂರು ಮಹಡಿ. ಹದಿನಾಲ್ಕು ಶೌಚಾಲಯ. ಅದರಲ್ಲಿ ಒಂದರ ಬಾಗಿಲಿಗೆ "ಅಧಿಕಾರಿಗಳಿಗೆ ಮಾತ್ರ" ಎಂಬ ಫಲಕ. ಅದರ ಬೀಗದ ಕೈ ಅಮ್ಮನ ಸೊಂಟದಲ್ಲಿ. ತೆಗೆಯುವವಳು ಅವಳು, ತೊಳೆಯುವವಳು ಅವಳು. ಉಪಯೋಗಿಸುವ ಹಾಗಿಲ್ಲ. ಗುಡಿಸುವವರಿಗೆ ಕಟ್ಟಡದ ಹಿಂದೆ ಜನರೇಟರ್ ಪಕ್ಕ ಒಂದು ತಗಡಿನ ಮರೆ ಇದೆ, ನೀರಿಲ್ಲ. ಒಮ್ಮೆ ಸೊಂಟ ಹಿಡಿದುಕೊಂಡಿತು ಅಂತ ಎರಡನೇ ಮಹಡಿಯ ಬೆಂಚಿನ ಮೇಲೆ ಕೂತಳು. ಐದು ನಿಮಿಷ. ಶಿರಸ್ತೇದಾರರು, ಅಂದರೆ ಅಲ್ಲಿನ ಗುಮಾಸ್ತರಿಗೆಲ್ಲ ದೊಡ್ಡವರು, ನೋಡಿದರು. ಬೈಯಲಿಲ್ಲ. "ಕೂತಿದ್ದಾಯ್ತಾ? ಈಗ ಆ ಬೆಂಚು ಒರೆಸಿಬಿಡು. ಜನ ಕೂರ್ತಾರೆ" ಅಂದರು. ಅವಳು ಕೂತ ಜಾಗವನ್ನು ಅವಳ ಕೈಯಲ್ಲೇ ಒರೆಸಿಸಿದರು. ಫಿನಾಯಿಲು ಹಾಕಿ.

ವರ್ಷಕ್ಕೆರಡು ಸಲ ರೆಕಾರ್ಡ್ ರೂಮಿನ ರದ್ದಿ ಹೊರುವ ಕೆಲಸ ಬರುತ್ತದೆ. ಮುಗಿದುಹೋದ ಕೇಸುಗಳ ಕಾಗದ. ಅದನ್ನು ಯಾರಾದರೂ ಹೊರುವ ಹಾಗಿಲ್ಲ. ಓದು ಬಂದವರು ಚೀಲದೊಳಗೆ ಇಣುಕುತ್ತಾರೆ, ಕಾಗದದಲ್ಲಿರುವುದು ಹೊರಗೆ ಹೋಗುತ್ತದೆ. ಹಾಗಾಗಿ ಓದು ಬಾರದವರಿಗೇ ಆ ಕೆಲಸ. ಮೇಸ್ತ್ರಿ ಪರೀಕ್ಷೆ ಮಾಡಿದ್ದ. ಪೇಪರನ್ನು ತಲೆಕೆಳಗು ಮಾಡಿ ಅಮ್ಮನ ಕೈಗೆ ಕೊಟ್ಟ. ಅಮ್ಮ ಹಾಗೇ ಹಿಡಿದುಕೊಂಡು ನಿಂತಳು. ತಿರುಗಿಸಲಿಲ್ಲ. "ಆಯ್ತು, ನಿನಗೆ ಕೊಡಬಹುದು" ಅಂದ.

"ನಮ್ಮ ವಂಶದಲ್ಲೇ ಪರೀಕ್ಷೆ ಪಾಸಾದವಳು ನಾನೇ ಮೊದಲು" ಅಂತ ಅಮ್ಮ ಆವತ್ತು ಮನೆಯಲ್ಲಿ ನಕ್ಕಿದ್ದೇ ನಕ್ಕಿದ್ದು.

ಈ ಸಲ ಹನ್ನೊಂದು ಚೀಲ. ಲಿಫ್ಟಿನಲ್ಲಿ ಹಾಕುವ ಹಾಗಿಲ್ಲ, ವಕೀಲರ ಕೋಟಿಗೆ ಧೂಳು ಹಿಡಿಯುತ್ತದೆ. ಮೂರನೇ ಮಹಡಿಯಿಂದ ಅರವತ್ತಾರು ಮೆಟ್ಟಿಲು. ಕನ್ನಡಕದ ಗುಮಾಸ್ತ ಒಳಗೆ ಕೂತು ಚೀಲ ತುಂಬಿಸಿ, ಬಾಯಿ ಹೊಲಿದು, ಬಾಗಿಲಿಗೆ ತಳ್ಳುತ್ತಿದ್ದ. ಅಮ್ಮ ತಲೆ ಮೇಲೆ ಹೊತ್ತು ಇಳಿಯುತ್ತಿದ್ದಳು. ಏಳನೇ ಚೀಲಕ್ಕೆ ಕುತ್ತಿಗೆ ಕಟ್ ಅಂದಿತು. ಎಂಟು, ಒಂಬತ್ತು, ಹತ್ತನ್ನು ಬೆನ್ನ ಮೇಲೆ ಹೊತ್ತಳು. ಹನ್ನೊಂದನ್ನು ಎಳೆದಳು. ಕೆಳಗೆ ಲಾರಿ ಕಾಯುತ್ತಿತ್ತು. ಕಾಗದದ ಕಾರ್ಖಾನೆಗೆ ಹೋಗಿ ಎಲ್ಲ ಕುದ್ದು ಗಂಜಿಯಾಯಿತು.

ನಾಲ್ಕು ದಿನದ ಮೇಲೆ ಕೋರ್ಟಿನವರಿಗೆ ಗೊತ್ತಾಯಿತು, ಅದರೊಳಗೆ ಮುಗಿಯದ ಕೇಸಿನ ಒಂದು ಕಡತವೂ ಹೋಗಿದೆ. ದೊಡ್ಡ ಮನುಷ್ಯರ ಕಟ್ಟಡದ ಕೇಸು. ಕನ್ನಡಕದ ಗುಮಾಸ್ತ ಶಿರಸ್ತೇದಾರರ ತಂಗಿಯ ಗಂಡ.

ಅದಾಗಿ ಎರಡು ದಿನದ ಮೇಲೆ, ಸಂಜೆ, ಅಮ್ಮ ಕಾಲು ತೊಳೆಯುತ್ತ, ಏನೂ ಆಗದವಳ ಹಾಗೆ ಹೇಳಿದಳು. "ನಾಳೆ ಹತ್ತು ಗಂಟೆಗೆ ಶಿರಸ್ತೇದಾರರ ಕೋಣೆಗೆ ಬಾ ಅಂದಿದ್ದಾರೆ. ಒಂದು ಹೆಬ್ಬೆಟ್ಟು ಒತ್ತಬೇಕಂತೆ."

"ಯಾವುದಕ್ಕೆ?"

"ಕಾಗದ ಏನೋ ಕಳೆದಿದೆಯಂತೆ. ನಾವೆಲ್ಲ ಒತ್ತಬೇಕಂತೆ. ಸುಮ್ನೆ ಲೆಕ್ಕಕ್ಕೆ ಅಂದ ಮೇಸ್ತ್ರಿ."

"ಏನು ಬರ್ದಿದ್ದಾರೆ ಅದರಲ್ಲಿ?"

"ನಂಗೇನು ಗೊತ್ತೇ? ತಲೆಕೆಳಗು ಹಿಡ್ಕೊಂಡ್ರೂ ಒಂದೇ, ನೇರ ಹಿಡ್ಕೊಂಡ್ರೂ ಒಂದೇ."

ಮೂಲೆಯಲ್ಲಿ ಅಜ್ಜಿ ಎದ್ದು ಕೂತಳು. ಅವಳಿಗೆ ಈಗ ಕಣ್ಣಿಲ್ಲ, ಬೆಳಕು ಮಾತ್ರ ಗೊತ್ತಾಗುತ್ತದೆ. ಕೈ ನೀಡಿ ಗಾಳಿಯಲ್ಲಿ ತಡಕಿದಳು. ನಾನು ಕೈ ಕೊಟ್ಟೆ. ಹಿಡಿದ ಹಿಡಿತಕ್ಕೆ ಮೂಳೆ ನೊಂದಿತು.

"ಲೇ ಪುಟ್ಟಿ, ಕೇಳು. ಕತೆ ಅಲ್ಲ ಇದು. ಅವಳ ಹೆಬ್ಬೆಟ್ಟು ಬೀಳೋ ಮುಂಚೆ ಆ ಕಾಗದ ಅವಳ ಕಿವಿಗೆ ಬೀಳಬೇಕು. ಅವಳ ಬಾಯಲ್ಲಿ ಬಂದಿದ್ದೇ ಕಾಗದದಲ್ಲಿ ಇರಬೇಕು. ಮೊಹರು ಬೀಳಬೇಕು ಅದರ ಮೇಲೆ. ಮೊಹರಿಲ್ಲದ ಮಾತು ಅವರಿಗೆ ಕೇಳ್ಸಲ್ಲ. ಮಾಡ್ತೀಯಾ?"

"ಮಾಡ್ತೀನಿ ಅಜ್ಜಿ."

"ಕನಸು ಕಾಣ್ತಾ ಕೂರ್ತೀಯ ನೀನು. ನಿಜ ಹೇಳು."

"ಮಾಡ್ತೀನಿ."

ಕನಸಿನ ಮಾತು ಅಜ್ಜಿ ಹೇಳಿದ್ದು ಸುಳ್ಳಲ್ಲ. ನಾನು ಕೋರ್ಟಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡುತ್ತೇನೆ. ಅರ್ಜಿ, ಕರಾರು, ಪ್ರಮಾಣಪತ್ರ, ಮುಚ್ಚಳಿಕೆ. ಬೆರಳು ಓಡುತ್ತಿರುತ್ತದೆ, ತಲೆ ಎಲ್ಲೋ ಇರುತ್ತದೆ. ಕಾಗದದ ಕೊನೆಗೆ ಒಂದು ಸಾಲು ಇರುತ್ತದೆ: "ಮೇಲ್ಕಂಡ ಹೇಳಿಕೆಯನ್ನು ನನಗೆ ಓದಿ ಹೇಳಲಾಗಿದೆ, ಸರಿಯಾಗಿದೆ ಎಂದು ಒಪ್ಪಿ ಹೆಬ್ಬೆಟ್ಟಿನ ಗುರುತು ಹಾಕಿರುತ್ತೇನೆ." ಇದನ್ನು ನಾನು ದಿನಕ್ಕೆ ಇಪ್ಪತ್ತು, ಮೂವತ್ತು ಸಲ ಹಾಕುತ್ತೇನೆ. ಟೈಪು ಕೂಡ ಮಾಡುವುದಿಲ್ಲ. ಒಂದು ಗುಂಡಿ ಒತ್ತಿದರೆ ಪೂರ್ತಿ ಸಾಲು ಬಂದು ಕೂರುತ್ತದೆ.

ಮರುದಿನ ಅಂಗಡಿಗೆ ರಜೆ ಹೇಳಿ ಅಮ್ಮನ ಜೊತೆ ಹೋದೆ. ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಅಮ್ಮ ಮೂರು ಮಹಡಿ ತೊಳೆದು ಮುಗಿಸುವವರೆಗೂ ಮೆಟ್ಟಿಲು ಹತ್ತಿದೆ, ಇಳಿದೆ, ಹತ್ತಿದೆ. "ಸುಮ್ನಿರೇ, ಒರೆಸಿದ್ದನ್ನೆಲ್ಲ ತುಳೀತೀಯ" ಅಂತ ಬೈದಳು.

ಹತ್ತಕ್ಕೆ ಎರಡನೇ ಮಹಡಿಯ ಕೋಣೆಯೊಳಗೆ ಹೋದೆವು. ಶಿರಸ್ತೇದಾರರು, ಕನ್ನಡಕದ ಗುಮಾಸ್ತ, ಮೇಸ್ತ್ರಿ. ಮೂರು ಕುರ್ಚಿ, ಮೂವರೂ ಕೂತಿದ್ದರು. ಮೇಜಿನ ಮೇಲೆ ಇಂಕ್ ಪ್ಯಾಡಿನ ಮುಚ್ಚಳ ತೆಗೆದಿಟ್ಟಿತ್ತು.

"ಏನಮ್ಮಾ, ಮಗಳನ್ನೂ ಕರ್ಕೊಂಡು ಬಂದಿದ್ದೀಯ? ಹೆಣ್ಣು ತೋರಿಸೋ ಶಾಸ್ತ್ರಾನಾ?" ಅಂದರು ಶಿರಸ್ತೇದಾರರು.

ಮೇಸ್ತ್ರಿ ನಕ್ಕ. ಕನ್ನಡಕ ನಗಲಿಲ್ಲ. ಅವನು ಇಂಕ್ ಪ್ಯಾಡನ್ನೇ ನೋಡುತ್ತಿದ್ದ.

"ಬಾ, ಒತ್ತು. ಜಡ್ಜ್ ಸಾಹೇಬರು ಹನ್ನೊಂದೂವರೆಗೆ ಕೂರ್ತಾರೆ. ಅಷ್ಟರೊಳಗೆ ಅವರ ಮೇಜಿನ ಮೇಲೆ ಇರಬೇಕು ಇದು."

ಅಮ್ಮನ ಎಡಗೈ ತಾನಾಗಿ ಮುಂದೆ ಹೋಯಿತು. ಹೆಬ್ಬೆಟ್ಟು ತಾನಾಗಿ ಬಿಡಿಸಿಕೊಂಡಿತು. ಅವಳಿಗೆ ಗೊತ್ತಿಲ್ಲದೆಯೇ. ನಾನು ಮೇಜಿನ ಮೇಲೆ ಬಾಗಿ ಕಾಗದ ನೋಡಿದೆ.

ಬಲ ಅಂಚಿನಲ್ಲಿ ಒಂದು ಸಣ್ಣ ಕಪ್ಪು ಗೆರೆ, ಮೇಲಿಂದ ಕೆಳಗೆ. ನಮ್ಮ ಅಂಗಡಿಯ ಪ್ರಿಂಟರು ಎಳೆಯುವ ಗೆರೆ.

ಮೂರು ದಿನದ ಹಿಂದೆ ಒಂದು ಕರಡು ಬಂದಿತ್ತು. ಹೆಸರಿನ ಜಾಗದಲ್ಲಿ ಚುಕ್ಕೆ. ಕೊನೆಯಲ್ಲಿ "ಕಾನೂನು ಕ್ರಮಕ್ಕೆ ಬದ್ಧನಾಗಿರುತ್ತೇನೆ" ಅಂತ ಇತ್ತು. ಯಾರೋ ಗಂಡಸು ಅಂದುಕೊಂಡೆ. ಅಂದುಕೊಂಡೆ ಅನ್ನುವುದೂ ಸುಳ್ಳು, ಏನನ್ನೂ ಅಂದುಕೊಳ್ಳಲಿಲ್ಲ. ಚೀಲ ಅನ್ನುವ ಪದ ಇತ್ತು. ರೆಕಾರ್ಡ್ ರೂಮು ಅನ್ನುವುದೂ ಇತ್ತು. ಎರಡನ್ನೂ ಟೈಪು ಮಾಡಿದೆ. ಕರಡಿನಲ್ಲಿ "ಗೊತ್ತಿದ್ದೂ ಚೀಲಕ್ಕೆ ಹಾಕಿದ್ದೇನೆ" ಎಂದಿತ್ತು. ನನಗೆ ಅದು ಒರಟು ಅನ್ನಿಸಿತು. "ಉದ್ದೇಶಪೂರ್ವಕವಾಗಿ" ಅಂತ ತಿದ್ದಿದೆ. ಅಂಗಡಿಯ ಯಜಮಾನ, "ಭಾಷೆ ಅಂದ್ರೆ ನಿಂದೇ ಕಣಮ್ಮ" ಅಂದಿದ್ದ. ಆ ಮಧ್ಯಾಹ್ನವೆಲ್ಲ ಖುಷಿಯಲ್ಲಿದ್ದೆ.

ಈಗ ಆ ಚುಕ್ಕೆಗಳ ಮೇಲೆ ಪೆನ್ನಿನಲ್ಲಿ ಅಮ್ಮನ ಹೆಸರು ಬರೆದಿತ್ತು.

"ಅಮ್ಮ, ಕೈ ತೆಗಿ."

ಅವಳ ಹೆಬ್ಬೆಟ್ಟು ಆಗಲೇ ನೀಲಿಯಾಗಿತ್ತು. ಕಾಗದಕ್ಕೂ ಅದಕ್ಕೂ ನಾಲ್ಕು ಬೆರಳಿನ ಅಂತರ.

"ಕೊನೇ ಸಾಲಲ್ಲಿ ಇದನ್ನ ನಿಂಗೆ ಓದಿ ಹೇಳಿದ್ದಾರೆ ಅಂತ ಇದೆ. ಹೇಳಿದ್ರಾ?"

ಅಮ್ಮ ನನ್ನ ಕಡೆ ನೋಡಿದಳು, ಅವರ ಕಡೆ ನೋಡಿದಳು. "ಇಲ್ವಲ್ಲ" ಅಂದಳು. "ಯಾರು ಓದಿದ್ರು?"

"ಅದು ಹಾಗೇ ಬರ್ಯೋದು ಕಣಮ್ಮ, ರೂಢಿ" ಅಂದರು ಶಿರಸ್ತೇದಾರರು.

"ಹಾಗಾದ್ರೆ ಓದಿ ಸ್ವಾಮಿ" ಅಂದಳು ಅಮ್ಮ.

"ಏನು?"

"ಓದಿದೀವಿ ಅಂತ ಬರ್ದಿದ್ದೀರಲ್ಲ. ಓದಿ."

"ನಿಂಗೆ ಓದಿ ಹೇಳ್ತಾ ಕೂರೋಕೆ ನಾನೇನು ನಿನ್ನ ಮೇಷ್ಟ್ರಾ?"

"ಮೇಷ್ಟ್ರಲ್ಲ. ಓದಿದೀನಿ ಅಂದೋರು ನೀವು."

ಮೇಸ್ತ್ರಿ ಎದ್ದ. ಅಮ್ಮನ ಮಣಿಕಟ್ಟು ಹಿಡಿದು ಕಾಗದದ ಕಡೆ ಎಳೆದ. ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುವ ಹಾಗೆ. ಅಮ್ಮ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡಳು. ಅವನು ಬೆರಳು ಬಿಡಿಸಲು ನೋಡಿದ. ಇಪ್ಪತ್ತು ವರ್ಷ ನೆಲದ ಬಟ್ಟೆ ಹಿಂಡಿದ ಮುಷ್ಟಿ ಅದು. ಬಿಚ್ಚಲಿಲ್ಲ.

"ಬಿಡೋ ಕೈ" ಅಂದಳು ಅಮ್ಮ. ಮೇಸ್ತ್ರಿಗೆ ಅವಳು 'ನೀನು' ಅಂದದ್ದು ಅದೇ ಮೊದಲು. ಗಾಬರಿಯಲ್ಲಿ ಬಿಟ್ಟ.

"ಹೊರಗೆ ಕಳಿಸ್ರಿ ಈ ಹುಡುಗೀನ. ಇವಳೇ ತಲೆ ಕೆಡಿಸಿದ್ದು. ಹೊರಗಿನವರಿಗೆ ಇಲ್ಲೇನು ಕೆಲಸ?" ಶಿರಸ್ತೇದಾರರ ದನಿ ಈಗ ಬೇರೆಯಾಗಿತ್ತು. "ಓದಲ್ಲ ನಾವು. ಏನು ಮಾಡ್ತೀಯ?"

"ಒತ್ತಲ್ಲ ನಾನು."

ಅಮ್ಮ ಹೊರಗೆ ಬಂದಳು. ಕಾರಿಡಾರಿನಲ್ಲಿ ಆ ಬೆಂಚು ಇತ್ತು. ಅದರ ಮೇಲೆ ಕೂತಳು. ಮಧ್ಯದಲ್ಲಿ. ಬೆನ್ನು ಒರಗಿಸಿ. ಸೆರಗಿನಿಂದ ಬೆವರು ಒರೆಸಿಕೊಂಡಳು, ಹೆಬ್ಬೆಟ್ಟಿನ ನೀಲಿ ಮುಖಕ್ಕೂ ಹತ್ತಿತು.

ನಾನು ಕೂರಲಿಲ್ಲ. ಕೂರಲು ಆಗಲಿಲ್ಲ. ಕಿಟಕಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ಕಿಟಕಿಗೆ ನಡೆಯುತ್ತಿದ್ದೆ. ಹೇಳಬೇಕು, ಹೇಳಬೇಕು ಅಂತ ತಲೆಯಲ್ಲಿ ಕುಟ್ಟುತ್ತಿತ್ತು. ಹೇಳಲಿಲ್ಲ.

ಹತ್ತೂವರೆಗೆ ಜನ ಸೇರತೊಡಗಿದರು. ಕೇಸಿಗೆ ಬಂದವರು, ವಕೀಲರು. ಗುಡಿಸುವವಳು ಬೆಂಚಿನ ಮೇಲೆ ಕೂತದ್ದನ್ನು ನೋಡಿ ಪಕ್ಕದಲ್ಲಿ ಕೂರಲು ಹಿಂಜರಿದರು. ಮುದುಕರೊಬ್ಬರು ಮಾತ್ರ "ಸ್ವಲ್ಪ ಸರೀರಿ ತಾಯಿ" ಅಂತ ಕೂತರು.

ಮೇಸ್ತ್ರಿ ಬಂದು ಕಿವಿಯ ಹತ್ತಿರ ಬಗ್ಗಿ, "ನಾಳೆಯಿಂದ ಬರಬೇಡ, ಗೊತ್ತಾಯ್ತಾ? ಒತ್ತಿದ್ರೆ ನಾನೇ ಮಾತಾಡಿ ಉಳಿಸ್ತೀನಿ" ಅಂದ.

"ಒತ್ತಿದ್ರೆ ನಾಳೆಯಿಂದ ಎಲ್ಲಿರ್ತೀನಿ ಅದನ್ನ ಹೇಳು."

ಅವನು ಬೈಕಿನ ಕೀಲಿ ತಿರುಗಿಸುತ್ತ ಕೋಣೆಯೊಳಗೆ ಹೋದ.

ಹತ್ತೂಮುಕ್ಕಾಲಿಗೆ ಇನ್ನೊಂದು ವಿಷಯ ಶುರುವಾಯಿತು. ಶಿರಸ್ತೇದಾರರು ಕೋಣೆಯಿಂದ ಹೊರಗೆ ಬಂದು ಕಾರಿಡಾರಿನ ತುದಿಯ ಅಧಿಕಾರಿಗಳ ಶೌಚಾಲಯಕ್ಕೆ ಹೋದರು. ಬಾಗಿಲು ತಳ್ಳಿದರು. ಬೀಗ. ಆವತ್ತು ಅಮ್ಮ ಅದೊಂದನ್ನು ತೊಳೆದು ಮತ್ತೆ ಬೀಗ ಹಾಕಿದ್ದಳು. ಅವರಿಗೆ ಸಕ್ಕರೆ ಕಾಯಿಲೆ, ಗಂಟೆಗೊಮ್ಮೆ ಹೋಗಬೇಕು. ಇಡೀ ಕೋರ್ಟಿಗೆ ಗೊತ್ತಿರುವ ಸಂಗತಿ.

ತಿರುಗಿ ಬಂದರು. ಅಮ್ಮನ ಮುಂದೆ ನಿಂತರು.

"ಬೀಗದ ಕೈ" ಅಂದರು ಕೊನೆಗೆ.

"ಹನ್ನೆರಡು ಇನ್ನೂ ತೆಗೆದೇ ಇದಾವೆ ಸ್ವಾಮಿ" ಅಂದಳು ಅಮ್ಮ. "ಬೇಡ ಅಂದ್ರೆ ಜನರೇಟರ್ ಪಕ್ಕ ನಮ್ಮದಿದೆ. ನೀರು ಮಾತ್ರ ಇಲ್ಲ."

ಯಾರೋ ಕಿಸಕ್ಕೆಂದು ನಕ್ಕರು. ಒಬ್ಬ ವಕೀಲ ಕೆಮ್ಮಿದ ಹಾಗೆ ಮಾಡಿ ಗೋಡೆ ಕಡೆ ತಿರುಗಿದ. ಆಮೇಲೆ ಲೆಕ್ಕ ಹಾಕಿದೆ, ಹದಿನಾಲ್ಕರಲ್ಲಿ ಒಂದು ಬೀಗ ಹಾಕಿದರೆ ಹದಿಮೂರು. ಇನ್ನೊಂದಕ್ಕೂ ಅವಳು ಬೀಗ ಹಾಕಿದ್ದಳು. ಅದು ಯಾರದ್ದೆಂದು ಕೇಳಿದೆ. "ಕನ್ನಡಕದ್ದು" ಅಂದಳು ಮೆಲ್ಲಗೆ.

ಹನ್ನೊಂದು ಕಳೆಯಿತು. ಕಡತ ಎಲ್ಲಿ ಎಂದು ಜಡ್ಜ್ ಕೇಳುತ್ತಾರೆ. ಯಾರೋ ಒಬ್ಬರು ಉತ್ತರವಾಗಬೇಕು. ಅಮ್ಮ ಆಗದಿದ್ದರೆ ಕನ್ನಡಕ ಆಗಬೇಕು. ಒಳಗೆ ಪಿಸಪಿಸ ನಡೆಯುತ್ತಿತ್ತು. ಬಾಗಿಲು ತೆರೆಯಿತು. ಶಿರಸ್ತೇದಾರರು ಕಾಗದವನ್ನು ಬಾಗಿಲಲ್ಲಿದ್ದ ಜವಾನನ ಕೈಗೆ ತುರುಕಿದರು.

"ಓದಿ ಹಾಕಯ್ಯ ಇವಳಿಗೆ. ಬೇಗ ಓದಿ ಮುಗಿಸು. ಆಮೇಲೆ ಏನು ನೆಪ ಹೇಳ್ತಾಳೋ ನೋಡೋಣ."

ಅವನು ಅದೇ ಜವಾನ, ಅಜ್ಜಿಯ ಕಾಲದವನು. ಆಗ ಹೊಸಬ, ಈಗ ನಿವೃತ್ತಿಗೆ ಹತ್ತಿರ. ಬೇಗ ಓದು ಅಂದದ್ದೇನೋ ನಿಜ, ಆದರೆ ಅವನಿಗೆ ಮೆಲ್ಲಗೆ ಓದಲು ಬರುವುದಿಲ್ಲ. ಮೂವತ್ತು ವರ್ಷ ಕೂಗಿದ ಗಂಟಲು. ಕಾಗದವನ್ನು ದೂರ ಹಿಡಿದು, ಎದೆ ಉಬ್ಬಿಸಿ ಶುರು ಮಾಡಿದ. ಮೂರು ಮಹಡಿಗೂ ಕೇಳಿತು.

"ಈ ಮೂಲಕ ಹೇಳಿಕೆ ನೀಡುವುದೇನೆಂದರೆ! ನಾನು ಸದರಿ ನ್ಯಾಯಾಲಯದ ದಾಖಲೆ ಕೊಠಡಿಯಲ್ಲಿ ನಾಶಪಡಿಸಬೇಕಾದ ಕಡತಗಳನ್ನು ಸಾಗಿಸುವ ಸಮಯದಲ್ಲಿ! ಒಂದು ಕಡತವು ಚಾಲ್ತಿಯಲ್ಲಿರುವ ವಿಷಯವನ್ನು ಓದಿ ತಿಳಿದಿದ್ದರೂ ಸಹ!"

"ಏನು ಮಾಡಿ ತಿಳ್ಕೊಂಡೆ?" ಅಂದಳು ಅಮ್ಮ.

"ಓದಿ."

"ಯಾರು?"

"ನೀನೇ ಕಣಮ್ಮ. ಇಲ್ಲಿ ಹಾಗಿದೆ."

ಬೆಂಚಿನ ಮುದುಕರು ಜೋರಾಗಿ ನಕ್ಕರು. "ಓದಿ ತಿಳ್ಕೊಂಡೋಳಿಗೆ ಹೆಬ್ಬೆಟ್ಟು ಯಾಕ್ರೀ? ಸಹಿ ಮಾಡ್ಸಿ" ಅಂದರು. ಜನ ಹತ್ತಿರ ಸರಿದರು.

ಜವಾನ ಮುಂದುವರಿಸಿದ. "ಅದನ್ನು ಉದ್ದೇಶಪೂರ್ವಕವಾಗಿ ಚೀಲಕ್ಕೆ ಸೇರಿಸಿ ಹೊರಗೆ ಸಾಗಿಸಿರುತ್ತೇನೆ. ಇದರ ಸಂಬಂಧ ಯಾವುದೇ ಕಾನೂನು ಕ್ರಮಕ್ಕೆ ಬದ್ಧನಾಗಿರುತ್ತೇನೆ!"

"ಅದೊಂದು ದೊಡ್ಡ ಪದ ಬಂತಲ್ಲ" ಅಂದಳು ಅಮ್ಮ. "ಉದ್ದೇಶ ಅಂತ. ಅಂದ್ರೆ ಏನು?"

ಜವಾನ ಕಾಗದದಿಂದ ತಲೆ ಎತ್ತಿದ. ಅವನಿಗೆ ಗೊತ್ತಿತ್ತು. ಹೇಳಲು ಮನಸ್ಸಾಗಲಿಲ್ಲ. ವಕೀಲರು ಹತ್ತು ಮಂದಿ ಇದ್ದರು, ಯಾರೂ ಬಾಯಿ ಬಿಡಲಿಲ್ಲ. ಅಮ್ಮ ನನ್ನನ್ನು ಹುಡುಕಿದಳು. ನಾನು ಕಿಟಕಿಯ ಹತ್ತಿರ ನಿಂತಿದ್ದೆ.

"ಹೇಳೇ. ನಿಂಗೆ ಗೊತ್ತಿರ್ಬೇಕಲ್ಲ."

"ಬೇಕು ಬೇಕಂತಲೇ ಅಂತ ಅರ್ಥ ಅಮ್ಮ."

"ಬೇಕು ಬೇಕಂತ ನಾನು ಕದ್ದೆ ಅಂತ."

"ಹೂಂ."

"ಯಾವ ಮನೆಹಾಳ ಬರ್ದಿದ್ದು ಈ ಮಾತು?"

ಅಜ್ಜಿಯ ಕತೆಗಳಲ್ಲಿ ಇಂಥ ಹೊತ್ತಿಗೆ ನೆಲ ಬಿರಿಯುತ್ತದೆ, ಹುಡುಗಿ ಹಕ್ಕಿಯಾಗುತ್ತಾಳೆ. ಇಲ್ಲಿ ಅಮ್ಮ ಆಗ ತಾನೇ ತೊಳೆದ ನೆಲ. ಬಿರುಕು ಬಿಡುವ ನೆಲವಲ್ಲ.

"ನಾನು" ಅಂದೆ. "ನಮ್ಮ ಅಂಗಡಿಗೆ ಬಂದಿತ್ತು. ಹೆಸರಿರಲಿಲ್ಲ. ಟೈಪ್ ಮಾಡಿದ್ದು ನಾನೇ. ಆ ಪದ ಅವರದ್ದೂ ಅಲ್ಲ. ನಾನೇ ಹಾಕಿದ್ದು, ಚೆನ್ನಾಗಿರುತ್ತೆ ಅಂತ."

ಅಮ್ಮ ಬೆಂಚಿನಿಂದ ಎದ್ದಳು. ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಅಂದುಕೊಂಡೆ. ಅವಳ ಮೈಯಿಂದ ಫಿನಾಯಿಲು ಮತ್ತು ಬೆವರಿನ ವಾಸನೆ ಬರುತ್ತಿತ್ತು.

"ನಿನ್ನ ಓದಿಸೋಕೆ ನಾನು ಎಷ್ಟು ನೆಲ ಒರೆಸಿದೀನಿ ಗೊತ್ತೇನೇ?" ಅಂದಳು.

ತಲೆ ತಗ್ಗಿಸಿದೆ.

"ತಲೆ ಎತ್ತು. ಪೆನ್ನಿದೆಯಾ?"

"ಇದೆ."

"ಹಾಗಾದ್ರೆ ಬರಿ. ನಾನು ಹೇಳಿದ್ದನ್ನ ಬರಿ. ನಿನ್ನ ಚೆಂದದ ಮಾತು ಒಂದು ಬಂತೋ, ನಿನ್ನ ಕೈ ಮುರೀತೀನಿ."

ಕಾಗದ ಇರಲಿಲ್ಲ. ಮುದುಕರು ತಮ್ಮ ಕೇಸಿನ ಚೀಲದಿಂದ ಎರಡು ಬಿಳಿ ಹಾಳೆ ತೆಗೆದುಕೊಟ್ಟರು. ಶಿರಸ್ತೇದಾರರು "ಏನಿದು ನಾಟಕ? ಇದೆಲ್ಲ ನಡೆಯಲ್ಲ ಇಲ್ಲಿ" ಅಂತ ಕೂಗಿದರು. ಕೂಗುತ್ತಲೇ ಮೆಟ್ಟಿಲ ಕಡೆ ಓಡಿದರು, ಕೆಳಗಿನ ಮಹಡಿಯ ಶೌಚಾಲಯಕ್ಕೆ. ತಡೆದುಕೊಳ್ಳಲು ಆಗಿರಲಿಲ್ಲ. ನನಗೆ ಸಿಕ್ಕ ಸಮಯ ಅಷ್ಟೇ. ಹಾಳೆಗಳ ನಡುವೆ ಮುದುಕರ ಬಳಿಯಿದ್ದ ಕಾರ್ಬನ್ನು ಇಟ್ಟು ಬೆಂಚಿನ ಮೇಲೆ ಹರಡಿದೆ. ಮೊಣಕಾಲೂರಿ ನೆಲದ ಮೇಲೆ ಕೂತೆ.

"ನಂಗೆ ಓದಕ್ಕೆ ಬರಲ್ಲ. ಬರಲ್ಲ ಅಂತಲೇ ರದ್ದಿ ಹೊರೋ ಕೆಲಸ ನಂಗೆ ಕೊಟ್ಟಿದ್ದು. ಬರ್ದೆಯಾ?"

"ಬರ್ದೆ."

"ಚೀಲ ತುಂಬಿದ್ದು ನಾನಲ್ಲ. ಬಾಯಿ ಹೊಲಿದಿದ್ದು ನಾನಲ್ಲ. ಕನ್ನಡಕದೋರು ಒಳಗೆ ಕೂತು ಹೊಲಿದ್ರು. ಹೊಲಿದಿದ್ದ ಚೀಲ ಹನ್ನೊಂದು. ಮೂರನೇ ಮಹಡಿಯಿಂದ ನಾನು ಹೊತ್ತೆ."

ನನ್ನ ಕೈ ತಾನಾಗಿ "ಸಾಗಿಸಿದೆ" ಅಂತ ಬರೆಯಿತು. ಗಟ್ಟಿಯಾಗಿ ಓದಿಕೊಂಡೇ ಬರೆಯುತ್ತಿದ್ದೆ. ಅಮ್ಮ ಬೆನ್ನಿಗೆ ಗುದ್ದಿದಳು.

"ಸಾಗಿಸೋದು ಲಾರಿ. ನಾನು ಹೊತ್ತೆ. ಹೊಡೆದು ಹಾಕಿ ಹೊತ್ತೆ ಅಂತ ಬರಿ."

ಹೊಡೆದು ಹಾಕಿದೆ. ಹೊತ್ತೆ ಅಂತ ಬರೆದೆ.

"ಏಳನೇ ಚೀಲಕ್ಕೆ ಕುತ್ತಿಗೆ ಹಿಡೀತು. ಅದನ್ನೂ ಬರಿ. ಲಿಫ್ಟ್ ಕೇಳಿದೆ, ಕೊಡಲಿಲ್ಲ. ಬರಿ. ಒಳಗೆ ಏನಿತ್ತು ಅಂತ ನಂಗೆ ಗೊತ್ತಿಲ್ಲ. ಗೊತ್ತಿದ್ದೋರು ಹೊಲಿದೋರು. ಇವತ್ತು ನನ್ನ ಕೈ ಹಿಡಿದು ಎಳೆದ್ರು. ನಾನು ಕೊಡಲಿಲ್ಲ. ಇಷ್ಟೇ."

"ಕಾನೂನು ಕ್ರಮ ಅಂತೇನಾದ್ರೂ..." ಅಂದೆ.

"ನಿಮ್ಮಜ್ಜಿ ಇದೇ ಕಾರಿಡಾರು ಇಪ್ಪತ್ತಾರು ವರ್ಷ ಗುಡಿಸಿದಳು, ಅವಳು ಸ್ವಂತ ಇಷ್ಟದಿಂದ ಬಿಡಲಿಲ್ಲ. ಅದನ್ನೂ ಸೇರಿಸು."

"ಅದು ಈ ಕೇಸಿಗೆ ಸಂಬಂಧ ಇಲ್ಲ ಅಂತಾರೆ ಅಮ್ಮ."

"ಅಂದ್ರೆ ಅನ್ಲಿ. ನನ್ನ ಹೇಳಿಕೆ ತಾನೆ?"

ಸೇರಿಸಿದೆ.

ಓದಿದೆ. ಮೊದಲಿನಿಂದ ಕೊನೆಯವರೆಗೆ. ಒಂದು ಸಾಲಿಗೆ ನಿಲ್ಲಿಸಿ "ಇನ್ನೊಂದ್ಸಲ" ಅಂದಳು. ಇನ್ನೊಂದು ಸಲ ಓದಿದೆ. ಕಣ್ಣು ಮುಚ್ಚಿ ಕೇಳಿದಳು. ತುಟಿ ಅಲ್ಲಾಡುತ್ತಿತ್ತು.

ಕಡೆಗೆ ಆ ಸಾಲು. ಗುಂಡಿ ಇರಲಿಲ್ಲ, ಕೈಯಲ್ಲೇ ಬರೆದೆ. "ಇದನ್ನು ನನ್ನ ಮಗಳು ಓದಿ ಹೇಳಿದ್ದಾಳೆ. ನಾನು ಕೇಳಿದ್ದೇನೆ." ಅದನ್ನೂ ಓದಿದೆ.

ಅವಳ ಹೆಬ್ಬೆಟ್ಟಿನ ಮಸಿ ಅರ್ಧ ಸೆರಗಿಗೆ, ಅರ್ಧ ಮುಖಕ್ಕೆ ಹೋಗಿತ್ತು. ಜವಾನ ಕೋಣೆಯೊಳಗೆ ಹೋಗಿ ಇಂಕ್ ಪ್ಯಾಡು ತಂದು ಬೆಂಚಿನ ಮೇಲಿಟ್ಟ. ಕನ್ನಡಕ ಬಾಗಿಲಿಗೆ ಬಂದು ನೋಡಿ ಒಳಗೆ ಹೋದ. ಅಮ್ಮ ಹೆಬ್ಬೆಟ್ಟು ಅದ್ದಿದಳು. ಒತ್ತಿದಳು. ಒತ್ತಿ ಹಿಡಿದಳು, ಎರಡು ಹಾಳೆಗೂ ಬೇರೆ ಬೇರೆಯಾಗಿ.

ಟಪಾಲು ತೆಗೆದುಕೊಳ್ಳುವ ಕಿಟಕಿ ನೆಲಮಹಡಿಯಲ್ಲಿ. ಅರವತ್ತಾರು ಮೆಟ್ಟಿಲಲ್ಲಿ ನಲವತ್ತನಾಲ್ಕು ಇಳಿದೆವು. ನಾನು ಎರಡೆರಡು ಹಾರಿದೆ. ಅಮ್ಮ ಕುತ್ತಿಗೆ ಹಿಡಿದುಕೊಂಡು ಹಿಂದೆ ಬಂದಳು. ಕಿಟಕಿಯ ಹಿಂದಿದ್ದ ಹೆಂಗಸು ಟಿಫಿನ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಹಾಳೆ ಒಳಗೆ ತಳ್ಳಿದೆ.

"ಯಾರಿಗೆ ಇದು?"

"ಜಡ್ಜ್ ಸಾಹೇಬರಿಗೆ."

ಹಿಂದಿನಿಂದ ಶಿರಸ್ತೇದಾರರು ಪಂಚೆಯ ಅಂಚು ಸರಿ ಮಾಡಿಕೊಳ್ಳುತ್ತ ಓಡಿ ಬಂದರು. "ತಗೋಬೇಡ್ರಿ ಅದನ್ನ! ಅದು ಕ್ರಮಬದ್ಧ ಅಲ್ಲ. ನಾನು ನೋಡದೆ ಯಾವ ಕಾಗದಾನೂ ತಗೋಬೇಡಿ ಅಂದಿಲ್ವಾ?"

ಅವಳು ಹಾಳೆ ತಿರುಗಿಸಿದಳು. ಹೆಬ್ಬೆಟ್ಟು ನೋಡಿದಳು. ಅಮ್ಮನ ಕೆನ್ನೆಯ ಮೇಲಿನ ನೀಲಿ ನೋಡಿದಳು. ಟಿಫಿನ್ ಡಬ್ಬಿ ಪಕ್ಕಕ್ಕೆ ಸರಿಸಿದಳು.

"ಕಿಟಕಿಯೊಳಗೆ ಬಂದ ಕಾಗದಕ್ಕೆ ಮೊಹರು ಹಾಕೋದು ನನ್ನ ಕೆಲಸ ಸಾರ್" ಅಂದಳು. "ಓದೋದು ನನ್ನ ಕೆಲಸ ಅಲ್ಲ. ನೀವೇ ಹೇಳಿಕೊಟ್ಟಿದ್ದು."

ಮೊಹರಿನಲ್ಲಿ ದಿನಾಂಕ ನಿನ್ನೆಯದಿತ್ತು. ಉಗುರಿನಿಂದ ಒಂದು ಮನೆ ತಿರುಗಿಸಿದಳು. ಪ್ಯಾಡಿಗೆ ಒತ್ತಿದಳು. ಮೊದಲು ಮೇಲಿನ ಹಾಳೆಗೆ, ಆಮೇಲೆ ನಮ್ಮ ನಕಲಿಗೆ. ದಪ್. ದಪ್. ಆವಕ ಸಂಖ್ಯೆ ಬರೆದು, ನಕಲನ್ನು ಕಿಟಕಿಯಿಂದ ಹೊರಗೆ, ಅಮ್ಮನ ಕೈಗೇ ಕೊಟ್ಟಳು.